ಅಕ್ಕ ಬಂದ ವಯರು

ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಡುವೆ ಬಾಯಿ ಹಾಕಿದ್ರೆ ನಾನು ಎದ್ದು ಹೋಗ್ತೀನಿ! ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಗುರುಮಲ್ಲ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ತೊಟ್ಟಿಲಲ್ಲೇ ಉಳಿದಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವಳ ಕರ್ಮ!

ಮಗಳು ದೇವಮ್ಮಣ್ಣಿ ಮದುವೆಯಾಗಿ ದೂರದ ಊರು ಸೇರಿದ್ದಳು. ತವರಿಗೆ ಬಂದು ಎಷ್ಟೋ ವರ್ಷ. ಅವಳು ಭಾನುವಾರ ಸಂಜೆ ಟೀವಿಯಲ್ಲಿ ಸೋಬಾನೆ ಹಾಡ್ತಾಳೆ ಅಂತ ಸುದ್ದಿ ಬಂತು. ಮಗಳ ಮುಖ ನೋಡಬೇಕು ಅಂತ ತಾಯಿ ಜೀವ ಚಡಪಡಿಸ್ತು. ಆದ್ರೆ ಮನೆ ಇದ್ದದ್ದು ತಗ್ಗಲ್ಲಿ, ಆಂಟೆನಾ ಇದ್ದದ್ದು ಆ ದೂರದ ದಿಣ್ಣೆ ಮೇಲೆ. ನಡುವೆ ಎಳೆದಿದ್ದ ವಯರನ್ನ ಆಡುಗಳು ಕಡಿದುಹಾಕಿದ್ದವು.

ಹೊಸ ವಯರು ತಂದು ಮಗನ ಕೈಗೆ ಕೊಟ್ಟು, "ಆಡು ಬಾಯಿ ಹಾಕದಂಗೆ ಮಣ್ಣಲ್ಲಿ ಹೂಳಪ್ಪಾ" ಅಂದಳು.

ಹೂಳಿದ! ಹಿತ್ತಲಲ್ಲಿ ಒಂದೇ ಗುಂಡಿ ತೋಡಿ, ಸುತ್ತಿದ ಸುರುಳೀನ ಸುತ್ತಿದಂಗೇ ಹಾಕಿ ಮುಚ್ಚಿ, ಮೇಲೊಂದು ಚಪ್ಪಡಿ ಕಲ್ಲೂ ಇಟ್ಟ.

"ಅಯ್ಯೋ, ನಿನ್ನ ಮನೆ ಹಾಳಾಗ!" ಅಂದಳು, ತನ್ನ ಮನೆಯೂ ಅದೇ ಅನ್ನೋದು ಮರೆತು. "ದಿಣ್ಣೆಯಿಂದ ಮನೆಗಂಟ ಉದ್ದಕ್ಕೆ ತೋಡಿ ಹೂಳೋ! ಎರಡು ತುದೀನೂ ಹೊರಗಿರಬೇಕು, ತಿಳೀತಾ?"

"ತಿಳೀತು ಕಣವ್ವ!"

ಬೆವರು ಸುರಿಸಿ ತೋಡಿದ, ಹೂಳಿದ. ಒಂದು ತುದಿ ದಿಣ್ಣೆ ಮೇಲೆ. ಇನ್ನೊಂದು? ಹೊಸ್ತಿಲಾಚೆ! ಅವ್ವ ಒಳಗೆ ಎಳೆದ್ರೆ ಇವನು ಹೊರಗೆ ಎಳೆಯೋನು. "ಹೊರಗಿರಬೇಕು ಅಂದ್ಯಲ್ಲವ್ವ!"

"ಬಾಗಿಲಿಗೆ ಬಂದದ್ದನ್ನ ಹೊರಗೇ ನಿಲ್ಲಿಸ್ತಾರೇನೋ, ಮಂಕೇ? ಒಳಗೆ ಕರ್ಕೊಂಡು ಬರಬೇಕು!"

"ಹಂಗೇ ಆಗ್ಲಿ ಕಣವ್ವ!"

ಭಾನುವಾರ ಬೆಳಿಗ್ಗೆ ವಯರು ಜೋಡಿಸೋಕೆ ಟೀವಿ ರಿಪೇರಿ ಚಿನ್ನಸ್ವಾಮಿ ಮೊಪೆಡ್ಡಲ್ಲಿ ಬಂದ. ಗುರುಮಲ್ಲ ಚಿನ್ನಸ್ವಾಮೀನೂ ಒಳಗೆ ಕರೆದ, ಮೊಪೆಡ್ಡನ್ನೂ ಒಳಗೆ ತಂದ! ರಂಗೋಲಿ ಮೇಲೆ ಹಾಯಿಸಿ, ಅಡುಗೆಮನೇಲಿ ಒಲೆ ಮುಂದೆ ನಿಲ್ಲಿಸಿದ. ಅದು ಸಾರಿನ ಪಾತ್ರೆ ಮೇಲೆ ದಡಾರಂತ ಬಿತ್ತು. ಅವ್ವ ಚೆಲ್ಲಿದ್ದು ಬಳೀತಿರೋವಾಗ ಚಿನ್ನಸ್ವಾಮಿ ಕೆಲಸ ಮುಗಿಸಿ, ಗಾಡಿ ತಳ್ಕೊಂಡು, ಹಸಿದ ಹೊಟ್ಟೇಲೇ ಹೋಗಿಬಿಟ್ಟ.

"ಎಲ್ಲೋ ಅವನು?"

"ಹೋದ ಕಣವ್ವ."

"ಉಣ್ಣದೆ? ದೂರದಿಂದ ಬಂದೋರನ್ನ ಬರೀ ಹೊಟ್ಟೇಲಿ ಕಳಿಸ್ತಾರೇನೋ! ಊರೋರಿಗೆ ಹೆಂಗೆ ಮುಖ ತೋರಿಸ್ಲಿ? ದಾರಿ ಅಡ್ಡಗಟ್ಟಿಯಾದ್ರೂ ನಿಲ್ಲಿಸಬೇಕಿತ್ತು!"

"ಇನ್ಮೇಲೆ ಬಿಡಲ್ಲ ಕಣವ್ವ!"

ಸಂಜೆಯಾಯ್ತು. ಟೀವಿ ಹಾಕಿದ್ರೆ, ಅಬ್ಬಬ್ಬಾ, ಏನು ಸ್ವಚ್ಛ ಚಿತ್ರ! ದೇವಮ್ಮಣ್ಣಿ! ಹಣೆತುಂಬ ಕುಂಕುಮ ಇಟ್ಕೊಂಡು ಹಾಡ್ತಾವ್ಳೆ! ಚಿಕ್ಕತಾಯಮ್ಮ ಗಾಜು ಸವರಿ ಸವರಿ ಅತ್ತಳು. "ಬಂದ್ಯಾ ನನ್ನ ಕಂದಾ! ಎಷ್ಟು ಸೊರಗಿದ್ದೀಯೇ!"

"ಅಕ್ಕ ಯಾವ ದಾರೀಲಿ ಬಂದ್ಲವ್ವ?"

"ನೀನು ಹೂಳಿದ ವಯರಲ್ಲೇ ಬಂದ್ಲು ಕಣೋ, ಸುಮ್ಮನಿರು!"

ಗುರುಮಲ್ಲ ಮೆಲ್ಲಗೆ ಎದ್ದು ಹೊರಗೆ ಹೋದ. ಎರಡನೇ ಹಾಡು ಶುರುವಾಗಿತ್ತಷ್ಟೇ, ಟಪ್! ಚಿತ್ರ ಇಲ್ಲ, ಹಾಡಿಲ್ಲ, ಬರೀ ಸೊರ್ರ್ ಅನ್ನೋ ಸದ್ದು. ಅವ್ವ ಬಾಗಿಲಿಗೆ ಓಡಿದಳು. ಮಗ ಮಚ್ಚು ಹಿಡ್ಕೊಂಡು ಹಲ್ಲು ಕಿರೀತಾ ನಿಂತಿದ್ದ, ಕಾಲ ಬುಡದಲ್ಲಿ ವಯರು ಎರಡು ತುಂಡು.

"ಏನು ಮಾಡ್ಬಿಟ್ಟೆಯೋ ಪಾಪಿ!"

"ಅಕ್ಕ ಉಣ್ಣದೆ ಹೋಗ್ಬಾರ್ದಲ್ಲ, ದಾರಿ ಕಡಿದೆ ಕಣವ್ವ! ಒಳಗೇ ಅವ್ಳೆ!"

ಚಿಕ್ಕತಾಯಮ್ಮ ಎದೆ ಎದೆ ಬಡ್ಕೊಂಡಳು. ಅಷ್ಟರಲ್ಲಿ ಅವನು ಒಳಗೆ ನುಗ್ಗಿ, ತಟ್ಟೆಗೆ ಮುದ್ದೆ ಹಾಕಿ, ಟೀವಿ ಮುಂದಿಟ್ಟು, ಬಗ್ಗಿ ಅದರ ಹಿಂಬದಿಗೆ ಇಣುಕಿ ಕೂಗಿದ: "ಅಕ್ಕಾ, ನಾಚ್ಕೋಬೇಡ, ಈಚೆ ಬಾ! ಮುದ್ದೆ ಆರೋಗ್ತದೆ!"