ಬೆನ್ನಿನಲ್ಲಿ ತೂತಿದ್ದ ಕುರ್ಚಿ

"ಹುಲಿಗುಡ್ಡದ ಪ್ರಜೆಗಳೆಲ್ಲ ಕೇಳಿ! ತೀರಿಹೋದ ದೊರೆಯ ಬೀಟೆಮರದ ಕುರ್ಚಿಯನ್ನು ಯಾತಕ್ಕಾಗಿ ಕೊಯ್ದು ಕೊರೆದು ತಿದ್ದಿಸಿದ್ದರು ಎಂಬುದನ್ನು ಬಿಡಿಸಿ ಹೇಳುವವನಿಗೆ ರಾಜಕುಮಾರಿ ನಾಗಲಾಂಬೆಯನ್ನು ಕೊಟ್ಟು ಪಟ್ಟ ಕಟ್ಟಲಾಗುವುದು. ಒಗಟು ಮೂರು. ಒಂದು ತಪ್ಪಿದರೂ ತಲೆದಂಡ!"

ಡಂಗುರದವನು ಹೀಗೆ ಸಾರುತ್ತ ಊರೂರು ಸುತ್ತಿದ. ಒಗಟುಗಳು ರಾಜಕುಮಾರಿಯವು. ದೊರೆಯ ಹಿಂದೆಯೇ ಹಾಸಿಗೆ ಹಿಡಿದ ರಾಣಿ, ಸಾಯುವ ಮುಂಚೆ ಮಗಳನ್ನು ಹತ್ತಿರ ಕರೆದು, "ಆ ಕುರ್ಚಿ ಅರ್ಥವಾದವನನ್ನೇ ಮದುವೆಯಾಗು" ಎಂದು ಮಾತು ತೆಗೆದುಕೊಂಡಿದ್ದಳು. ತಲೆದಂಡವನ್ನು ಮಾತ್ರ ಸೇರಿಸಿದವನು ದಳವಾಯಿ ಭೈರರಸ. ಅಳಿಯ ಬರುವವರೆಗೆ ರಾಜ್ಯ ಅವನ ಕೈಯಲ್ಲಿತ್ತು. ಯಾರೂ ಬರದಿದ್ದರೆ ಅವನಿಗೆ ಒಳ್ಳೆಯದೇ.

ಆದರೂ ಜನ ಬಂದರು. ಬಂದವರು ಒಗಟು ಕೇಳಿಸಿಕೊಳ್ಳುವ ಮೊದಲೇ ಕಣ್ಣಿಗೆ ಬಿದ್ದ ತೂತಿಗೆ ಅರ್ಥ ಹೇಳತೊಡಗಿದರು. ನೆರೆರಾಜ್ಯದ ರಾಜಕುಮಾರನೊಬ್ಬ ಕುರ್ಚಿಯ ಬೆನ್ನಿನ ತೂತನ್ನು ನೋಡಿ, "ದೊರೆಗೆ ಸೆಕೆ ಜಾಸ್ತಿ, ಗಾಳಿಯಾಡಲಿ ಎಂದು ಕೊರೆಸಿದ್ದಾರೆ" ಎಂದ. ಅವನನ್ನು ಸೆರೆಗೆ ತಳ್ಳಿದರು. ಇನ್ನೊಬ್ಬ, "ಮಂತ್ರಿ ಹಿಂದೆ ಕೂತು ಉತ್ತರ ಪಿಸುಗುಡುತ್ತಿದ್ದ" ಎಂದ. ಅವನೂ ಸೆರೆಗೆ ಹೋದ. ಈರಗ ಎಂಬ ಪೈಲ್ವಾನ ಎದೆಯುಬ್ಬಿಸಿ ಬಂದು, "ದೊರೆಯನ್ನು ಹಿಂದಿನಿಂದ ಇರಿಯೋಕೆ ಯಾರೋ ಮಾಡಿದ ಸಂಚು" ಎಂದುಬಿಟ್ಟ. ಮೂವರ ತಲೆಯನ್ನೂ ಅಮಾವಾಸ್ಯೆಯ ಬೆಳಿಗ್ಗೆ ತೆಗೆಯುವುದೆಂದು ತೀರ್ಮಾನವಾಯಿತು.

ಈರಗನ ತಮ್ಮ ಜುಂಜ ಊರಿನಲ್ಲಿ ಕಂಬಳಿ ನೇಯುತ್ತಿದ್ದ. ಮೂವರು ಹೇಳಿದ ಉತ್ತರಗಳ ಸಮೇತ ಸುದ್ದಿ ಕೇಳಿ ಎದ್ದು ಹೊರಟಾಗ ತಾಯಿ ಅವನ ತೋಳು ಹಿಡಿದುಕೊಂಡಳು. "ಹೋದವನನ್ನ ತರೋಕೆ ಇರೋ ಒಬ್ಬನನ್ನೂ ಕಳಿಸಲೇನೋ?"

"ಸುಮ್ನೆ ಕೂತಿದ್ರೆ ನಂಗೆ ಉಸಿರಾಡೋಕಾಗಲ್ಲ ಕಣವ್ವ" ಎಂದು ಹೇಳಿ ಅವನು ಹೊರಟ.

ಅಮಾವಾಸ್ಯೆಯ ಬೆಳಿಗ್ಗೆ ಅವನು ಅರಮನೆ ಮುಟ್ಟಿದಾಗ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದರು. ಭಟರು ಅವನನ್ನು ಸಭೆಗೆ ಕರೆದೊಯ್ದರು.

"ನೀನೂ ಅಳಿಯನಾಗೋಕೆ ಬಂದೆಯೇನೋ?" ಎಂದು ದಳವಾಯಿ ನಕ್ಕ.

"ಇಲ್ಲ ಬುದ್ಧಿ. ನಮ್ಮಣ್ಣನ್ನ ಬಿಡಿಸ್ಕೊಂಡು ಹೋಗೋಕೆ."

ನಾಗಲಾಂಬೆ ಅವನನ್ನು ಒಮ್ಮೆ ದಿಟ್ಟಿಸಿ ನೋಡಿದಳು. "ಒಗಟು ಬಿಡಿಸು, ಸೆರೆಯವರೆಲ್ಲರನ್ನೂ ಬಿಡುತ್ತೇವೆ. ಮೊದಲನೆಯದನ್ನು ಕೇಳು. ಒಳ್ಳೆಯ ಕುರ್ಚಿಯ ಹಿಂದಿನ ಎರಡು ಕಾಲುಗಳನ್ನು ಕೊಯ್ದು ಗಿಡ್ಡ ಮಾಡಿದ್ದಾರೆ. ಯಾಕೆ?"

ಜುಂಜ ಕುರ್ಚಿಯ ಸುತ್ತ ಬಂದ. ಏನೂ ಹೊಳೆಯಲಿಲ್ಲ. ಅಂಗಳದಿಂದ ಕತ್ತಿ ಮಸೆಯುವ ಸದ್ದು ಬರುತ್ತಲೇ ಇತ್ತು. ಕೊನೆಗೆ ಕೇಳಿದ: "ಅಮ್ಮಣ್ಣಿ, ಕೂತು ನೋಡಬಹುದಾ?"

ಸಭೆ ದಂಗಾಯಿತು. ದೊರೆಯ ಪೀಠದಲ್ಲಿ ಕೂರುವ ಧೈರ್ಯವನ್ನು ಯಾರೂ ಮಾಡಿರಲಿಲ್ಲ. ದಳವಾಯಿ ಕತ್ತಿ ಹಿರಿದ.

"ಮೂರೂ ಉತ್ತರ ಮುಗಿಯಲಿ. ಅಲ್ಲಿಯವರೆಗೆ ಕತ್ತಿ ಒಳಗಿರಲಿ" ಎಂದಳು ನಾಗಲಾಂಬೆ.

ಜುಂಜ ಕೂತ. ಮೈ ತಾನಾಗಿ ಹಿಂದಕ್ಕೆ ಸರಿಯಿತು. ಅವನ ಮುಖ ಬದಲಾಯಿತು. "ನಮ್ಮಪ್ಪನಿಗೆ ಲಕ್ವ ಹೊಡೆದಿತ್ತು ಅಮ್ಮಣ್ಣಿ. ಮಣೆ ಮೇಲೆ ಕೂರಿಸಿದ್ರೆ ಮುಂದಕ್ಕೆ ಜಾರಿಬಿಡ್ತಿದ್ರು. ಮಣೆಯ ಮುಂಭಾಗಕ್ಕೆ ಕಲ್ಲು ಕೊಟ್ಟು ಎತ್ತರಿಸಿದೆ, ಜಾರೋದು ನಿಂತಿತು. ಇದೂ ಹಂಗೇನೆ. ಇಲ್ಲಿ ಕೂರ್ತಿದ್ದ ದೊರೆಗಳಿಗೆ ಮೈಯಲ್ಲಿ ಸ್ವಾಧೀನ ಇರಲಿಲ್ಲ."

"ಸುಳ್ಳು!" ದಳವಾಯಿ ಅರಚಿದ. "ಕೊನೆಯವರೆಗೂ ದೊರೆ ನನ್ನ ಕಣ್ಣೆದುರು ನೆಟ್ಟಗೆ ಕೂತಿದ್ದರು!"

"ಎರಡನೆಯದು" ಎಂದಳು ನಾಗಲಾಂಬೆ. "ಬೆನ್ನಿನ ಹಲಗೆಯಲ್ಲಿ, ಸೊಂಟದ ಎತ್ತರಕ್ಕೆ ಒಂದು ತೂತಿದೆ. ಯಾಕೆ?"

ಜುಂಜ ಎದ್ದು ಹಿಂದೆ ಹೋಗಿ ತೂತಿನ ಅಂಚನ್ನು ಬೆರಳಿನಿಂದ ಸವರಿದ. "ಕೆಳಗಿನ ಅಂಚು ನುಣ್ಣಗೆ ಸವೆದಿದೆ. ಗಾಳಿಗೆ ಮರ ಸವೆಯಲ್ಲ. ಪಿಸುಗುಡೋಕೆ ಇಷ್ಟು ಕೆಳಗೆ ಯಾರೂ ಬಾಯಿಡಲ್ಲ. ಇರಿಯೋ ಕೈ ಒಂದೇ ಸಲ ಬಂದು ಹೋಗುತ್ತೆ. ಇಲ್ಲಿ ದಿನಾ ಒಂದು ಕೈ ಊರ್ತಿತ್ತು. ಈ ಹಿಂದಿರೋ ಪರದೆ ಮರೆಯಿಂದ ದೊರೆಗಳ ನಡುಪಟ್ಟಿ ಹಿಡಿದು, ಬೆನ್ನಿಗೆ ಆಸರೆ ಕೊಟ್ಟು ಯಾರೋ ನೆಟ್ಟಗೆ ಕೂರಿಸ್ತಿದ್ರು."

ನಾಗಲಾಂಬೆ ಕುರ್ಚಿಯ ಹಿಂಬದಿಗೆ ಕೈ ತೋರಿಸಿದಳು.

"ಮೂರನೆಯದು. ಕುರ್ಚಿಯ ಹಿಂದೆ ಒಂದು ಹಲಗೆ ಜೋಡಿಸಿದ್ದಾರೆ. ಅದರಲ್ಲಿ ಮೊಣಕಾಲೂರಿದ ಎರಡು ಕುಳಿಗಳಿವೆ. ಅಲ್ಲಿ ಕೂತಿದ್ದವರು ಯಾರು?"

ಜುಂಜ ತನ್ನ ಕೈಯನ್ನು ತೂತಿಗೆ ತೂರಿಸಿದ. ಗೆಣ್ಣುಗಳು ಸಿಕ್ಕಿಕೊಂಡವು. ಗಂಡಸಿನ ಕೈ ಅಲ್ಲ. ಹಾಗಾದರೆ ದಾಸಿಯೇ? ಹಾಗೆಂದು ಹೇಳಲು ಬಾಯಿ ತೆರೆದವನು ತಡೆದ. ಬೆರಳಿಗೆ ಏನೋ ತಗುಲಿತ್ತು. ಬಗ್ಗಿ ನೋಡಿದ. ನುಣ್ಣನೆಯ ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳು, ಒಂದರ ಪಕ್ಕ ಒಂದು.

"ಬಳೆ ಉಜ್ಜಿದ ಗುರುತು" ಎಂದ ಮೆಲ್ಲಗೆ. "ಗಾಜಿನ ಬಳೆಯಾಗಿದ್ರೆ ಒಡೆದುಹೋಗ್ತಿತ್ತು. ಇದು ಚಿನ್ನ ತೊಟ್ಟ ಕೈ. ಚಿನ್ನ ತೊಟ್ಟು, ಯಾರಿಗೂ ಹೇಳದೆ, ಮರ ಕುಳಿ ಬೀಳೋವರೆಗೆ ಮೊಣಕಾಲೂರಿದವರು ಆಳಲ್ಲ ಅಮ್ಮಣ್ಣಿ. ನಿಮ್ಮ ತಾಯಿ."

"ಕಟ್ಟುಕತೆ! ಹಿಡಿಯಿರಿ ಅವನನ್ನು!" ಎಂದ ದಳವಾಯಿ.

ಭಟರು ಮುಂದೆ ಬರುವಷ್ಟರಲ್ಲಿ ನಾಗಲಾಂಬೆ ತನ್ನ ಆಸನದಿಂದೆದ್ದು ಬಂದು, ಆ ಹಲಗೆಯ ಮೇಲೆ ಮೊಣಕಾಲೂರಿದಳು. "ಕೂತುಕೋ" ಎಂದಳು ಜುಂಜನಿಗೆ. ಅವನು ಕೂತು, ತನ್ನಪ್ಪನನ್ನು ನೆನೆದು ಮೈಯನ್ನು ಪೂರ್ತಿ ಸಡಿಲಬಿಟ್ಟ. ತಲೆ ವಾಲಿತು, ಭುಜ ಕುಸಿಯಿತು. ತೂತಿನಿಂದ ಒಂದು ಕೈ ಬಂದು ಅವನ ನಡುವಿನ ವಸ್ತ್ರವನ್ನು ಹಿಡಿದುಕೊಂಡಿತು. ಎಲ್ಲರೂ ನೋಡುತ್ತಿದ್ದಂತೆ ಅವನು ಮೆಲ್ಲನೆ ನೆಟ್ಟಗಾದ.

ನಾಗಲಾಂಬೆ ಅಲ್ಲಿಂದಲೇ ಮಾತಾಡಿದಳು. "ಸಭೆಯಲ್ಲಿ ನೆಟ್ಟಗೆ ಕೂರಲಾಗದ ದೊರೆ ಪಟ್ಟ ಬಿಡಬೇಕೆಂಬುದು ಇಲ್ಲಿನ ಕಟ್ಟಳೆ. ಅಪ್ಪನಿಗೆ ಬುದ್ಧಿ, ಮಾತು ಎರಡೂ ಚೆನ್ನಾಗಿದ್ದವು, ಮೈ ಮಾತ್ರ ಕೈಬಿಟ್ಟಿತ್ತು. ಪಟ್ಟ ದಳವಾಯಿಗೆ ಹೋದರೆ ಪ್ರಜೆಗಳ ಗತಿ ಏನೆಂದು ಅಮ್ಮನಿಗೆ ಗೊತ್ತಿತ್ತು. ಸಭೆ ಮುಗಿದ ಮೇಲೆ ಅವಳ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದವಳು ನಾನು. ಮೂರೂ ಉತ್ತರ ಸರಿ."

ಭಟರು ಕತ್ತಿ ತಗ್ಗಿಸಿದರು. ದಳವಾಯಿ ಸುತ್ತ ನೋಡಿದ. ಯಾರೂ ಅವನ ಕಡೆ ಇರಲಿಲ್ಲ. ಕತ್ತಿಯನ್ನು ನೆಲಕ್ಕಿಟ್ಟು ಹೊರಗೆ ನಡೆದ.

ಸೆರೆಯವರನ್ನು ಬಿಟ್ಟರು. ಈರಗ ಬಂದು, ನಡೆದದ್ದನ್ನು ಕೇಳಿ, ತಲೆ ತಗ್ಗಿಸಿ ನಿಂತ. "ಅಪ್ಪನ್ನ ನೀನು ಹಿಡ್ಕೊಂಡು ಕೂತಿದ್ದಾಗ ನಾನು ಗರಡಿಮನೇಲಿದ್ದೆ ಕಣೋ. ನಂಗೆಲ್ಲಿ ಕಾಣಬೇಕು ಇದು?"

"ಇರಲಿ ಬಾರಣ್ಣ" ಎಂದು ಜುಂಜ ಅವನ ಭುಜ ಹಿಡಿದುಕೊಂಡ.

"ಅಣ್ಣ ಸಿಕ್ಕಿದ. ನೀನೂ ಹೊರಟೆಯಾ?" ಎಂದು ನಾಗಲಾಂಬೆ ಕೇಳಿದಳು.

ಜುಂಜನ ಮುಖ ಕೆಂಪಾಯಿತು. "ರಾಜ್ಯ ಆಳೋದು ನಂಗೇನು ಗೊತ್ತು ಅಮ್ಮಣ್ಣಿ?"

"ನನಗೆ ಗೊತ್ತು. ಇಬ್ಬರೂ ಸೇರಿ ಆಳೋಣ."

ಜುಂಜ ಅಣ್ಣನ ಕಡೆ ತಿರುಗಿದ. "ಹಂಗಾದ್ರೆ ನೀನು ಹೊರಡು. ಅವ್ವ ಊಟ ಬಿಟ್ಟು ಕೂತಿರ್ತಾಳೆ. ಇಬ್ರೂ ಬದುಕಿದೀವಿ ಅಂತ ಮೊದಲು ಹೇಳು, ಮದುವೆ ವಿಷಯ ಆಮೇಲೆ."