ಬಣ್ಣದ ತಿರ್ಜಾ ರಾಜನಿಗೆ ಕೇಳಿದ ಮೂರು ಪ್ರಶ್ನೆ

ಇಲ್ಲಿಂದ ಬಹಳ ದೂರ, ಕಡಲಿನ ಆಚೆಗೆ, ಒಂದು ರಾಜ್ಯ ಇತ್ತು ಮಕ್ಕಳೇ. ಅಲ್ಲಿ ತಿರ್ಜಾ ಅಂತ ಒಬ್ಬ ಹೆಂಗಸು ಇದ್ದಳು. ಯೆಹೂದಿ ಜನದವಳು. ನೂಲಿಗೆ ಬಣ್ಣ ಹಾಕುವ ಕಸುಬು. ಮೊಣಕೈವರೆಗೂ ಸದಾ ನೀಲಿ.

ಅವಳದೊಂದು ಹುಟ್ಟುಗುಣ. ಏನು ಕಂಡರೂ ಕೇಳಬೇಕು. ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದಳು, "ಅಪ್ಪಾ, ನಮ್ಮೂರು ಯಾವುದು?"

"ಯೆರೂಸಲೇಮ್ ಮಗಳೇ. ಗುಡ್ಡದ ಮೇಲಿನ ಊರು. ಹಿಂದಿನ ಕಾಲದಲ್ಲಿ ಪರದೇಶದ ಸೈನ್ಯ ಬಂದು ನಮ್ಮ ಗುಡಿ ಸುಟ್ಟಿತು. ಅವತ್ತು ಚದುರಿದವರು ನಾವು."

"ಮತ್ತೆ ವಾಪಸ್ ಯಾಕೆ ಹೋಗಲ್ಲ?"

ಅಪ್ಪ ಕೈಯಲ್ಲಿದ್ದ ನೂಲನ್ನು ಇನ್ನಷ್ಟು ಬಿಗಿಯಾಗಿ ಹಿಂಡಿದ.

ಅವರು ಮೊದಲಿದ್ದ ರಾಜ್ಯಕ್ಕೆ ಬೇನೆ ಬಂತು. "ಇವರೇ ತಂದದ್ದು" ಅಂತ ಓಡಿಸಿದರು. ಎರಡನೇ ರಾಜ್ಯದಲ್ಲಿ ಮಳೆ ಕೈಕೊಟ್ಟಿತು. "ಇವರಿಂದಲೇ" ಅಂತ ಓಡಿಸಿದರು. ಮೂರನೇದು ಈ ರಾಜ್ಯ. ಇಲ್ಲಿಗೆ ಬಂದಾಗ ತಿರ್ಜಾ ಹರೆಯದವಳು. ಇಲ್ಲೇ ಮದುವೆಯಾದಳು, ಇಲ್ಲೇ ಅವಳ ತಲೆ ನರೆಯಿತು.

ಆಗ ನದಿಯಾಚೆಯಿಂದ ಕುದುರೆ ದಂಡು ಕಟ್ಟಿಕೊಂಡು ಬರ್ದನ್ ಅನ್ನೋನು ಬಂದ. ಹಳೇ ರಾಜನನ್ನು ಸೋಲಿಸಿ ಸಿಂಹಾಸನ ಏರಿದ. ಯೆಹೂದಿಗಳ ಕೇರಿ ಅವನ ಕಣ್ಣಿಗೆ ಬಿತ್ತು. ಒಳ್ಳೆ ಜಾಗ, ಒಳ್ಳೆ ಬಾವಿ. ಡಂಗುರ ಹೊಡೆಸಿದ: "ಹೊರಗಿನಿಂದ ಬಂದವರು ರಾಜ್ಯ ಬಿಟ್ಟು ತೊಲಗಬೇಕು!"

ಕೇರಿಯಲ್ಲಿ ಅಳುವೋ ಅಳು. ತಿರ್ಜಾ ಮಾತ್ರ ನೀಲಿ ಕೈ ಒರೆಸಿಕೊಂಡು ಅರಮನೆಗೆ ನಡೆದಳು. ಸಭೆ ತುಂಬ ಊರ ಹಿರಿಯರು ಕೂತಿದ್ದರು.

"ಅಪ್ಪಣೆ ಪಾಲಿಸ್ತೀವಿ ಪ್ರಭು. ತಪ್ಪಾಗಬಾರದಲ್ಲ, ಅದಕ್ಕೇ ಕೇಳ್ತೀನಿ. ಇಲ್ಲೇ ಹುಟ್ಟಿದ ಮಕ್ಕಳೂ ಹೋಗಬೇಕೋ?"

"ಹೊರಗಿನವರ ಮಕ್ಕಳೂ ಹೊರಗಿನವರೇ. ಹೋಗಬೇಕು."

"ನಾವು ಮಾತ್ರವೋ, ಹೊರಗಿನಿಂದ ಬಂದವರೆಲ್ಲರೋ?"

ರಾಜ ಹಿರಿಯರ ಕಡೆ ನೋಡಿ ಎದೆ ಉಬ್ಬಿಸಿದ. "ನನ್ನ ಕಾನೂನು ಮುಖ ನೋಡಲ್ಲ. ಎಲ್ಲರೂ!"

"ಎಲ್ಲರೂ ಒಟ್ಟಿಗೇ ಹೊರಟರೆ ಸೇತುವೆ ಮೇಲೆ ನೂಕುನುಗ್ಗಲು. ಮೊದಲು ಯಾರು ಪ್ರಭು?"

"ಕಡೆಗೆ ಬಂದವರು ಮೊದಲು!"

ತಿರ್ಜಾ ಕೈಮುಗಿದಳು. "ಹಾಗಾದರೆ ತಮ್ಮ ಕುದುರೆಗೆ ಜೀನು ಹಾಕಿಸಲೇ? ಈ ರಾಜ್ಯಕ್ಕೆ ಕಡೆಗೆ ಬಂದವರು ತಾವೇ."

ಹಿಂದೆ ಯಾರೋ ಕಿಸಕ್ಕೆಂದರು. ಅಷ್ಟೇ, ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ರಾಜನ ಮುಖ ಕೆಂಪಗಾಯ್ತು. ಆ ಸಂಜೆಯೇ ಮತ್ತೆ ಡಂಗುರ: "ಯಾರೂ ಹೋಗಬೇಕಾಗಿಲ್ಲ!"

ಕೇರಿಯವರು ಕುಣಿದರು. ತಿರ್ಜಾ ಮಗಳಿಗೆ ಹೇಳಿದಳು, "ಈ ರಾಜನಿಗೆ ನಾಚಿಕೆ ಇತ್ತು ಕಣೇ, ಉಳಿದುಕೊಂಡ್ವಿ. ನಾಚಿಕೆಯೇ ಇಲ್ಲದವನು ಬಂದರೆ?"

ಬಂದ, ಮಕ್ಕಳೇ. ಎಷ್ಟೋ ತಲೆಮಾರಿನ ಮೇಲೆ, ಬೇರೆ ಸೀಮೆಯಲ್ಲಿ ಅಂಥವನು ಬಂದ. ಅವನ ಮುಂದೆ ಯಾರ ಮಾತೂ ನಡೆಯಲಿಲ್ಲ. ಲೆಕ್ಕವಿಲ್ಲದಷ್ಟು ಯೆಹೂದಿಗಳು ಅವನ ಕೈಯಲ್ಲಿ ಸತ್ತರು. ಉಳಿದವರಲ್ಲಿ ಎಷ್ಟೋ ಜನ ಹಡಗು ಹತ್ತಿದರು. ಮುಂಚೆಯೇ ಹೋಗಿ ನೆಲೆಸಿದ್ದವರ ಜೊತೆ ಸೇರಿ, ಯೆರೂಸಲೇಮ್ ಇರುವ ಹಿರೀಕರ ನಾಡಿನಲ್ಲಿ ತಮ್ಮದೇ ದೇಶ ಕಟ್ಟಿದರು. ತಿರ್ಜಾಳ ವಂಶದ ಹುಡುಗಿಯೊಬ್ಬಳೂ ಅಲ್ಲಿ ಇಳಿದಳು, ಮಣ್ಣು ಮುಟ್ಟಿ ಅತ್ತಳು.

ಆದರೆ ಅಲ್ಲಿ ಅರಬರೂ ತಲೆತಲಾಂತರದಿಂದ ಬಾಳುತ್ತಿದ್ದರು. ಯುದ್ಧ ಹತ್ತಿತು. ಅವರಲ್ಲೂ ಎಷ್ಟೋ ಜನ ಮನೆ ಕಳಕೊಂಡು ಗಂಟುಮೂಟೆ ಹೊತ್ತರು. "ಇವರೀಗ ಎಲ್ಲಿಗೆ ಹೋಗಬೇಕು?" ಅಂತ ಆ ಹುಡುಗಿ ಕೇಳಿದಳು. ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ನೀತಿ ಇಷ್ಟೇ ಮಕ್ಕಳೇ. ಇನ್ನೊಬ್ಬರ ಮರ್ಜಿಯಲ್ಲಿ ಬಾಳೋದು ಬಾಳಲ್ಲ. ಎಲ್ಲರಿಗೂ ತಮ್ಮದು ಅನ್ನೋ ಒಂದು ನೆಲೆ ಬೇಕು. ಎಲ್ಲರಿಗೂ ಅಂದರೆ, ಎಲ್ಲರಿಗೂ.