ಎರಡು ಹರಿಗೋಲು, ಒಂದು ಸಂದು

ಹೊಳೆಯ ನಡುವೆ ಎರಡು ಬಂಡೆ. ಅವುಗಳ ಸಂದಿನಲ್ಲಿ ಒಂದೇ ಹರಿಗೋಲು ಹಿಡಿಯುತ್ತಿತ್ತು. ಎದುರುಬದುರು ಎರಡು ನುಗ್ಗಿದರೆ ಮುಗಿಯಿತು, ಮೀನಿಗೆ ಹಬ್ಬ.

ಮರುದಿನ ಮಠದ ದಾಸೋಹಕ್ಕೆ ಆಚೆ ದಡದ ಜನ ಬರುವವರಿದ್ದರು. ಶಿಷ್ಯ ಕಲ್ಲಿನಾಥನ ತಾಯಿಯೂ ಅವರಲ್ಲೊಬ್ಬಳು. ಹರಿಗೋಲುಗಳಿಗೆ ಕಟ್ಟಳೆ ಮಾಡುವ ಕೆಲಸ ಅವನದೇ.

"ಆತ್ರೀ ಅಜ್ಜಾರ," ಎಂದು ಎದೆಯುಬ್ಬಿಸಿ ಗುರುಗಳ ಬಳಿ ಬಂದ. "ಸಂದು ಖಾಲಿ ಐತೇನು ನೋಡೋದು. ಖಾಲಿ ಇದ್ರ ಹೋಗೋದು. ತಿಂಗಳಿಂದ ನೋಡೀನಿ, ಒಂದಕ್ಕೊಂದು ತಾಗಿಲ್ಲ."

ಗುರುಗಳು ಮರಳಿನಲ್ಲಿ ಸಂದು ಗೀಚಿ, ಆಚೆಗೊಂದು ಈಚೆಗೊಂದು ಕಲ್ಲಿಟ್ಟರು.

"ನಡೆಸು. ಒಂದ್ ಸಲಕ್ಕ ಒಂದು ಕಲ್ಲು, ಒಂದೇ ಕೆಲಸ."

ಈಚೆ ಕಲ್ಲು ನೋಡಿತು, ಹೋಯಿತು. ಆಚೆಯದು ನೋಡಿತು, ನಿಂತಿತು.

"ನೋಡ್ರಿ!"

"ಬ್ಯಾರೆ ಥರ ನಡೆಸು."

ಆಚೆಯದು ಮೊದಲು ಹೋಯಿತು. ಈಚೆಯದು ನಿಂತಿತು. ಕಲ್ಲಿನಾಥ ಆಕಳಿಸಿದ.

"ಇನ್ನೂ ಐತಿ."

ಈಚೆಯದು ನೋಡಿತು. ಅದು ಹೊರಡುವ ಮೊದಲೇ ಆಚೆಯದೂ ನೋಡಿತು. ಎರಡಕ್ಕೂ ಸಂದು ಖಾಲಿ. ಎರಡೂ ಹೊರಟವು.

ಟಣ್.

"ಹಿಂಗ ಆಗೋದು ಭಾಳ ಅಪರೂಪ ಬಿಡ್ರಿ."

"ನಿಮ್ಮವ್ವ ಯಾವ ಕಲ್ಲಿನ್ಯಾಗ ಕುಂತಾಳ?"

ಕಲ್ಲಿನಾಥನ ಮತ್ತೊಂದು ಆಕಳಿಕೆ ಅರ್ಧಕ್ಕೇ ನಿಂತಿತು.

"ಹಂಗಾದ್ರ ಅಂಬಿಗರು ಮೊದ್ಲ ಬಾವುಟ ಎತ್ತಲಿ. ಎದುರಿನವರ ಬಾವುಟ ಕಂಡ್ರ ನಿಲ್ಲಲಿ."

ಗುರುಗಳು ಎರಡೂ ಕಲ್ಲಿನ ಪಕ್ಕ ಒಂದೊಂದು ಕಡ್ಡಿ ನೆಟ್ಟರು. ಎರಡೂ ನಿಂತವು. ಇರುವೆಯೊಂದು ಸಂದು ದಾಟಿ ಹೋಗಿ, ತಿರುಗಿಯೂ ಬಂತು. ಕಲ್ಲುಗಳು ನಿಂತೇ ಇದ್ದವು.

"ಎಷ್ಟೊತ್ತು ನಿಲ್ತಾವ್ರೀ ಇವು?"

"ದಾಸೋಹದ ಸಾರು ಹಳಸೋ ತನಕ."

ಕಲ್ಲಿನಾಥ ತಲೆ ಕೆರೆದ. ಮತ್ತೂ ಕೆರೆದ.

"ಬಾವುಟ ಎತ್ತಿ 'ನೀವ್ ಮೊದ್ಲ' ಅಂತ ಕೂಗಲಿ. ಎರಡೂ ಬಾವುಟ ಮ್ಯಾಲಿದ್ರ, ಕಡೀಗೆ ಕೂಗಿದಾವ ನಿಲ್ಲಲಿ. ಇನ್ನೊಬ್ಬ ದಾಟಿ ಬಾವುಟ ಇಳಿಸಲಿ."

ಈ ಸಲ ಯಾರೂ ಹೇಳದೆ ತಾನೇ ಕುಳಿತು ನಡೆಸಿದ. ಇದು ಮೊದಲು, ಅದು ಮೊದಲು, ಅರ್ಧ ಇದು, ಅರ್ಧ ಅದು. ಹೊತ್ತು ಇಳಿಯಿತು. ಮೊಣಕಾಲು ಮರಗಟ್ಟಿತು.

"ಅಜ್ಜಾರ, ಎಲ್ಲಾ ಥರ ಮುಗಿದ್ವು! ತಾಗಲಿಲ್ಲ, ಸಿಕ್ಕೊಳ್ಳಲೂ ಇಲ್ಲ. ಇನ್ನೇನೂ ಉಳದಿಲ್ಲ!"

ಗುರುಗಳು ಎದ್ದು ಕಾವಿಯ ಮರಳು ಕೊಡವಿದರು.

"ಕಲ್ಲು ನೀ ಹೇಳ್ದಂಗ ಕೇಳಿದ್ವು. ಹೋಗು, ಅಂಬಿಗರನ್ನ ಕರಕೊಂಡ್ ಬಾ."